ಅಳದ ಮಗುವೇ ಮೊದಲು

ಅತ್ತರೇ ತಾಯಿ ಹಾಲು ಕೊಡುವುದು ಅನ್ನುತ್ತದೆ ಗಾದೆ. ಮಕ್ಕಳ ವಾರ್ಡಿನಲ್ಲಿ ಈ ಗಾದೆ ನಡೆಯುವುದಿಲ್ಲ. ಗಟ್ಟಿಯಾಗಿ ಅಳುವ ಮಗುವಿಗೆ ಉಸಿರಿದೆ, ಶಕ್ತಿಯಿದೆ, ಎಚ್ಚರವಿದೆ ಎಂದು ಸಿಸ್ಟರ್‌ಗೆ ದೂರದಿಂದಲೇ ಗೊತ್ತಾಗುತ್ತದೆ. ಸೂಜಿ ಕಂಡು ಸೂರು ಹಾರಿಹೋಗುವಂತೆ ಕಿರುಚುವ ಮೂರು ವರ್ಷದವನನ್ನು ದಾಟಿ, ಅಜ್ಜಿಯ ಮಡಿಲಲ್ಲಿ ಅರೆಗಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುವ ಕೂಸಿನ ಬಳಿಗೆ ಅವರು ಮೊದಲು ಹೋಗುತ್ತಾರೆ. 'ಬಂದಾಗಿನಿಂದ ಒಂದು ಸಲಾನೂ ಅತ್ತಿಲ್ಲ ನೋಡಿ ಸಿಸ್ಟರ್, ಬಲು ಜಾಣ ಮಗು' ಎಂದು ಅಜ್ಜಿ ಹೇಳಿದರೆ ಅವರ ಕೈ ಇನ್ನಷ್ಟು ಚುರುಕಾಗುತ್ತದೆ.

ಕಾಯಿಲೆಯ ಮಕ್ಕಳ ಶುಶ್ರೂಷೆಯ ಮೊದಲ ಪಾಠ ಇದು. ಯಾರ ಗದ್ದಲ ಹೆಚ್ಚು ಎಂಬುದು ಮುಖ್ಯವಲ್ಲ, ಯಾವ ತೊಂದರೆ ಎಲ್ಲಕ್ಕಿಂತ ಬೇಗ ಜೀವ ತೆಗೆಯಬಲ್ಲದು ಎಂಬುದು ಮುಖ್ಯ. ಉಸಿರಿನ ದಾರಿ ಕಟ್ಟಿದರೆ ಕೈಯಲ್ಲಿರುವುದು ಕೆಲವೇ ನಿಮಿಷ. ರಕ್ತಸಂಚಾರ ಕುಸಿಯುತ್ತಿದ್ದರೆ, ಮೈ ತಣ್ಣಗಾಗುತ್ತಿದ್ದರೆ, ಸಕ್ಕರೆ ಇಳಿಯುತ್ತಿದ್ದರೆ ಇನ್ನೊಂದಿಷ್ಟು ಹೊತ್ತು ಸಿಗಬಹುದು. ಕಾಯಿಲೆಯ ಹೆಸರು ಏನೆಂಬುದು ಆಮೇಲಿನ ಮಾತು. ಡಾಕ್ಟರು ಬಂದು ಹೆಸರಿಡುವ ಮೊದಲೇ ಆಗಬೇಕಾದ ಕೆಲಸಗಳು ಬಹಳ ಇವೆ. ಸರ್ಕಾರಿ ಕಡತಗಳಲ್ಲಿ ಈಗ 'ಶುಶ್ರೂಷಾಧಿಕಾರಿ' ಎನ್ನಿಸಿಕೊಂಡಿರುವ, ಜನರ ಬಾಯಲ್ಲಿ ಇಂದಿಗೂ ಸಿಸ್ಟರ್, ಬ್ರದರ್ ಆಗಿಯೇ ಉಳಿದಿರುವ ನರ್ಸ್‌ಗಳು ಮಾಡುವುದು ಆ ಕೆಲಸಗಳನ್ನೇ.

ಸರದಿ ಮುರಿಯುವ ನ್ಯಾಯ

ಈ ಕ್ರಮಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟದ್ದು ಆಫ್ರಿಕಾದ ಮಲಾವಿ ದೇಶ. ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ ಎಲಿಜಬೆತ್ ಮೊಲಿನ್ಯೂ ಮತ್ತು ಅವರ ಸಹೋದ್ಯೋಗಿಗಳು 2001ರ ಸುಮಾರಿಗೆ ಮಕ್ಕಳ ವಿಭಾಗದ ವ್ಯವಸ್ಥೆಯನ್ನು ಬದಲಿಸಿದರು. ಬಾಗಿಲಲ್ಲೇ ಮಗುವಿನ ಸ್ಥಿತಿ ಅಳೆಯಲು ಸಿಬ್ಬಂದಿಗೆ ತರಬೇತಿ ಕೊಟ್ಟರು. ಒಳಬಂದ ಮಗು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ದಾರಿಯನ್ನೇ ತಿದ್ದಿದರು. ಈ ಬದಲಾವಣೆಗೆ ಮೊದಲು, ದಾಖಲಾದ ಮಕ್ಕಳಲ್ಲಿ ಶೇ 10ರಿಂದ 18ರಷ್ಟು ಸಾಯುತ್ತಿದ್ದರು. ಆಮೇಲೆ ಅದು ಶೇ 6ರಿಂದ 8ಕ್ಕೆ ಇಳಿಯಿತು. 'ಇಟ್ಯಾಟ್' ಎಂಬ ಹೆಸರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಕೊಡಿಸುವ ತರಬೇತಿಯ ತಿರುಳೂ ಇದೇ.

ಆ ಪದ್ಧತಿಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡುತ್ತಾರೆ. ಉಸಿರಾಟಕ್ಕೆ ಒದ್ದಾಡುವ, ಕೈಕಾಲು ತಣ್ಣಗಾಗಿ ನಾಡಿ ಕ್ಷೀಣಿಸಿದ, ಫಿಟ್ಸ್ ಬರುತ್ತಿರುವ, ಪ್ರಜ್ಞೆ ತಪ್ಪಿದ, ವಾಂತಿ ಭೇದಿಯಿಂದ ಬತ್ತಿಹೋದ ಮಗು ತುರ್ತು ಗುಂಪಿಗೆ ಸೇರುತ್ತದೆ. ಅದಕ್ಕೆ ಚೀಟಿಯೂ ಬೇಡ, ಸಾಲೂ ಬೇಡ. ಎರಡನೆಯದು ಆದ್ಯತೆಯ ಗುಂಪು. ಎರಡು ತಿಂಗಳೊಳಗಿನ ಯಾವ ಕೂಸೇ ಬರಲಿ, ನೋಡಲು ಚೆನ್ನಾಗಿಯೇ ಕಂಡರೂ, ಈ ಗುಂಪಿಗೆ ಸೇರಿತೆಂದೇ ಲೆಕ್ಕ. ಆ ವಯಸ್ಸಿನಲ್ಲಿ ಸ್ಥಿತಿ ಬಿಗಡಾಯಿಸಲು ಹೆಚ್ಚು ಹೊತ್ತು ಬೇಕಿಲ್ಲ. ಸುಟ್ಟಗಾಯ, ವಿಷ ನುಂಗಿದ್ದು, ಬಿಳಿಚಿದ ಅಂಗೈ, ಎಲುಬು ಎದ್ದು ಕಾಣುವ ಮೈ, ಊದಿದ ಪಾದ, ಬೇರೆ ಆಸ್ಪತ್ರೆಯಿಂದ ತಂದ ರೆಫರಲ್ ಚೀಟಿ ಇದ್ದವರಿಗೂ ಅಲ್ಲೇ ಜಾಗ. ಉಳಿದವರಿಗೆ ಸರದಿ. ಬೆಳಗ್ಗೆ ಆರಕ್ಕೇ ಬಂದು ಕೂತವರಿಗೆ, ಈಗಷ್ಟೇ ಬಂದವರು ಒಳಗೆ ಹೋದರೆ ಸಿಟ್ಟು ಬರುವುದು ಸಹಜ. ಆದರೆ ಆ ಸಾಲು ಮುರಿದದ್ದು ಶಿಫಾರಸಿನಿಂದಲ್ಲ, ಮಗುವಿನ ಸ್ಥಿತಿಯಿಂದ.

ನಾಲ್ಕು ಮಿಲಿಮೀಟರಿನ ದಾರಿ

ಮಗುವಿನ ದೇಹ ದೊಡ್ಡವರ ದೇಹದ ಪುಟ್ಟ ಪ್ರತಿ ಅಲ್ಲ. ಶ್ವಾಸನಾಳವನ್ನೇ ನೋಡಿ. ಸುಮಾರು 4 ಮಿ.ಮೀ. ಅಗಲದ ನಾಳದ ಒಳಗೋಡೆ ಸುತ್ತಲೂ 1 ಮಿ.ಮೀ. ಊದಿಕೊಂಡರೆ ದಾರಿಯ ಅಗಲ ಅರ್ಧಕ್ಕಿಳಿಯುತ್ತದೆ, ಗಾಳಿಗೆ ಎದುರಾಗುವ ಅಡ್ಡಿ ಮಾತ್ರ 16 ಪಟ್ಟು ಏರುತ್ತದೆ. ದೊಡ್ಡವರಿಗೆ ಬರೀ ಗಂಟಲು ಕೆರೆತವಾಗಿ ಮುಗಿಯುವ ನೆಗಡಿ ಕೂಸಿಗೆ ಉಸಿರಿನ ಹೋರಾಟವಾಗುವುದು ಹೀಗೆ. ಮೊದಲ ಕೆಲವು ತಿಂಗಳು ಶಿಶುಗಳು ಉಸಿರಾಡುವುದು ಬಹುಪಾಲು ಮೂಗಿನಿಂದಲೇ. ಮೂಗು ಕಟ್ಟಿದರೆ ಹಾಲು ಕುಡಿಯುವುದೂ ನಿಲ್ಲುತ್ತದೆ. ಆದ್ದರಿಂದ ಸಲೈನ್ ಹನಿ ಬಿಟ್ಟು ಮೂಗು ಬಿಡಿಸುವುದು ಚಿಲ್ಲರೆ ಕೆಲಸದಂತೆ ಕಂಡರೂ ಚಿಕಿತ್ಸೆಯೇ.

ಕೂಸಿನ ತಲೆಯ ಹಿಂಭಾಗ ಮೈಯ ಅಳತೆಗೆ ದೊಡ್ಡದು. ಪ್ರಜ್ಞೆ ಮಂಕಾದ ಕೂಸನ್ನು ಸಮತಟ್ಟಾಗಿ ಮಲಗಿಸಿದರೆ ಗದ್ದ ಎದೆಯತ್ತ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಭುಜದ ಕೆಳಗೆ ಒಂದು ತೆಳು ಟವೆಲ್ಲನ್ನು ಮಡಚಿಟ್ಟರೆ ಕತ್ತು ನೇರವಾಗುತ್ತದೆ. ಆಕ್ಸಿಜನ್ ಪೈಪು ಹುಡುಕುವ ಮೊದಲು ಆಗಬೇಕಾದ ಕೆಲಸ ಅದು.

ಇನ್ನು ಉಸಿರು ಎಣಿಸುವುದು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಗೂಸುಗಳು ಒಮ್ಮೆ ಬಿರುಸಾಗಿ ಉಸಿರಾಡಿ, ಮತ್ತೆ ಕೆಲವು ಕ್ಷಣ ನಿಲ್ಲಿಸಿ, ಮತ್ತೆ ಶುರುಮಾಡುತ್ತವೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗಿನವರಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚಾದರೆ ಅದು ಬಿರುಸಿನ ಉಸಿರು. ಎಣಿಸುವಾಗ ಕಣ್ಣಿಗೆ ಬೇರೆ ಸಂಗತಿಗಳೂ ಬೀಳುತ್ತವೆ: ಮೂಗಿನ ಹೊಳ್ಳೆ ಅರಳುವುದು, ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುವುದು, ಪ್ರತಿ ಉಸಿರಿಗೂ 'ಹುಂ, ಹುಂ' ಎಂದು ನರಳುವುದು. ಆ ನರಳಿಕೆ ಹಟವಲ್ಲ. ಶ್ವಾಸಕೋಶ ಮುಚ್ಚಿಹೋಗದಂತೆ ಮಗು ತಾನೇ ಒತ್ತಡ ಕೊಟ್ಟು ಹಿಡಿದುಕೊಳ್ಳುತ್ತಿರುತ್ತದೆ. ಬಿರುಸಾಗಿ ಉಸಿರಾಡುತ್ತಿದ್ದ ಮಗು ಚೇತರಿಕೆಯ ಬೇರೆ ಗುರುತಿಲ್ಲದೆ ಏಕಾಏಕಿ ನಿಧಾನಕ್ಕಿಳಿದರೆ, ಸುಧಾರಿಸಿತು ಎಂದು ನಿಟ್ಟುಸಿರು ಬಿಡುವ ಮೊದಲು ಮಗು ಸೋತುಹೋಯಿತೇ ಎಂದು ನೋಡಬೇಕು.

ಆಕ್ಸಿಜನ್ ಕೂಡ ಅಳತೆಯಿಟ್ಟು ಕೊಡಬೇಕಾದ ಔಷಧ. 1940–50ರ ದಶಕಗಳಲ್ಲಿ ಅಮೆರಿಕದ ಸುಸಜ್ಜಿತ ಆಸ್ಪತ್ರೆಗಳಲ್ಲೇ ಅವಧಿಗೆ ಮುನ್ನ ಹುಟ್ಟಿದ ಸಾವಿರಾರು ಶಿಶುಗಳು ದೃಷ್ಟಿ ಕಳೆದುಕೊಂಡವು. ಮಿತಿಯಿಲ್ಲದೆ ಕೊಟ್ಟ ಆಕ್ಸಿಜನ್ ಅವುಗಳ ಎಳೆಯ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸಿತ್ತು. ಹೀಗಾಗಿ ಆಕ್ಸಿಜನ್ ಮೇಲಿರುವ ಇಂಥ ಶಿಶುಗಳಿಗೆ ರಕ್ತದ ಆಕ್ಸಿಜನ್ ಅಳೆಯುವ ಮೀಟರಿನಲ್ಲಿ ಶೇ 90ರಿಂದ 95 ಇದ್ದರೆ ಸಾಕು, ನೂರು ತೋರಿಸಿದರೆ ಸಿಸ್ಟರ್ ಆಕ್ಸಿಜನ್ ತಗ್ಗಿಸುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ಕಣ್ಣಿನ ಒಳಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಅದನ್ನು ನೋಡುತ್ತಾರೆ. ಹುಟ್ಟಿದ 30 ದಿನದೊಳಗೆ ಈ ಪರೀಕ್ಷೆ ಆಗಬೇಕು. ತಾರೀಕು ಗುರುತು ಹಾಕಿ ನೆನಪಿಸುವ ಹೊಣೆ ಮತ್ತೆ ವಾರ್ಡಿನ ನರ್ಸಿನದೇ.

ನೀರಿನ ಲೆಕ್ಕ

ಮೂರು ಕೆ.ಜಿ. ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಮಿ.ಲೀ. ಅಂದರೆ ಒಂದು ದೊಡ್ಡ ಲೋಟ. ದೇಹದಿಂದ ನೀರು ಸೋರುತ್ತಿದ್ದರೂ ಮಗುವಿನ ಹೃದಯ ಬಡಿತ ಹೆಚ್ಚಿಸಿಕೊಂಡು, ಕೈಕಾಲಿನ ರಕ್ತನಾಳ ಬಿಗಿಹಿಡಿದು, ಬಿ.ಪಿ.ಯನ್ನು ಬಹಳ ಹೊತ್ತು ಉಳಿಸಿಕೊಳ್ಳುತ್ತದೆ. ಬಿ.ಪಿ. ಬಿತ್ತು ಎನ್ನುವ ಹೊತ್ತಿಗೆ ಕೈಮೀರಿರುತ್ತದೆ. ಹಾಗಾಗಿ ನರ್ಸ್ ಅದಕ್ಕೂ ಮೊದಲೇ ಬೇರೆ ಗುರುತು ಹುಡುಕುತ್ತಾರೆ. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಹೋಗಿ ಕೆಂಪು ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ, ಅಂಗೈ ತಣ್ಣಗಿದೆಯೇ, ನೆತ್ತಿ ಕುಳಿ ಬಿದ್ದಿದೆಯೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆಯೇ ಎಂದು ನೋಡುತ್ತಾರೆ.

ಮೂತ್ರದ ಲೆಕ್ಕವೂ ಬೇಕು. ಕೂಸು ಲೋಟದಲ್ಲಿ ಹಿಡಿದು ಕೊಡುವುದಿಲ್ಲವಲ್ಲ! ಒಣ ಡೈಪರ್ ತೂಗಿ ಬರೆದಿಟ್ಟು, ಒದ್ದೆಯಾದ ಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಿದ ಒಂದೊಂದು ಗ್ರಾಮೂ ಒಂದು ಮಿ.ಲೀ. ಮೂತ್ರ. ಕೆ.ಜಿ.ಗೆ ಗಂಟೆಗೆ ಒಂದು ಮಿ.ಲೀ. ಆಸುಪಾಸು ಬರುತ್ತಿದ್ದರೆ ಮೂತ್ರಪಿಂಡಕ್ಕೆ ರಕ್ತ ತಲುಪುತ್ತಿದೆ ಎಂದರ್ಥ. ಆರು ಕೆ.ಜಿ.ಯ ಮಗು ನಾಲ್ಕು ಗಂಟೆಯಲ್ಲಿ ಐದೇ ಗ್ರಾಂ ಒದ್ದೆ ಮಾಡಿದ್ದರೆ ಡ್ಯೂಟಿ ಡಾಕ್ಟರ್‌ಗೆ ಫೋನ್ ಹೋಗುತ್ತದೆ.

'ಒಂದು ಡ್ರಿಪ್ ಹಾಕಿಬಿಡಿ, ಶಕ್ತಿ ಬರಲಿ' ಎಂಬ ಮಾತು ನಮ್ಮ ಯಾವ ಕ್ಲಿನಿಕ್ಕಿಗೆ ಹೋದರೂ ಕೇಳಿಬರುತ್ತದೆ. ಮಕ್ಕಳ ವಿಷಯದಲ್ಲಿ ಇದು ಅಪಾಯದ ಮಾತು. ಉಗಾಂಡ, ಕೆನ್ಯಾ, ಟಾಂಜಾನಿಯಾಗಳಲ್ಲಿ ಜ್ವರದಿಂದ ತೀವ್ರ ಅಸ್ವಸ್ಥರಾಗಿ ರಕ್ತಸಂಚಾರ ಕುಗ್ಗಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ 'ಫೀಸ್ಟ್' ಅಧ್ಯಯನ 2011ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ರಕ್ತನಾಳದ ಮೂಲಕ ಒಮ್ಮೆಗೇ ಹೆಚ್ಚು ದ್ರವ ಪಡೆದವರಲ್ಲಿ 48 ಗಂಟೆಯೊಳಗೆ ಶೇ 10.5 ಮಕ್ಕಳು ಸತ್ತರೆ, ಹಾಗೆ ಪಡೆಯದವರಲ್ಲಿ ಸತ್ತದ್ದು ಶೇ 7.3. ಭೇದಿಯಿಂದ ಬತ್ತಿದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ, ಅವರ ಲೆಕ್ಕ ಬೇರೆ. ಯಾವ ಮಗುವಿಗೆ ಎಷ್ಟು, ಎಷ್ಟು ವೇಗದಲ್ಲಿ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು ಎಂಬುದೇ ಅದರ ಪಾಠ. ಮಕ್ಕಳ ಡ್ರಿಪ್ಪಿಗೆ ಬ್ಯುರೆಟ್ ಎಂಬ ಅಳತೆಕೊಳವೆ ಇರುವ ಮೈಕ್ರೋಡ್ರಿಪ್ ಸೆಟ್ ಬೇಕೆನ್ನುವುದು ಅದಕ್ಕೇ. ಅದರಲ್ಲಿ 60 ಹನಿಗೆ ಒಂದು ಮಿ.ಲೀ. ಗಂಟೆಗೆ 20 ಮಿ.ಲೀ. ಹೋಗಬೇಕಿದ್ದರೆ ನಿಮಿಷಕ್ಕೆ 20 ಹನಿ, ಬೇರೆ ಗಣಿತವೇ ಬೇಡ. ಬ್ಯುರೆಟ್ಟಿನಲ್ಲಿ ಒಂದೆರಡು ಗಂಟೆಗೆ ಬೇಕಾದಷ್ಟೇ ತುಂಬಿರುವುದರಿಂದ, ರೋಲರ್ ಸಡಿಲವಾದರೂ ಇಡೀ ಬಾಟಲಿ ಮಗುವಿನ ಮೈಗಿಳಿಯುವ ಭಯವಿಲ್ಲ.

ಬಾಯಿಂದ ಕುಡಿಯಬಲ್ಲ ಮಗುವಿಗೆ ಬಾಯಿಯೇ ಒಳ್ಳೆಯ ದಾರಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ ಬಾಟಲಿ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ಕುಡಿಸುವ ಕೆಲಸವನ್ನು ಮನೆಯವರ ಕೈಗೇ ಕೊಟ್ಟರು. ಆ ಶಿಬಿರದಲ್ಲಿ ಕಾಲರಾ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಇಂದಿನ ವಾರ್ಡಿನಲ್ಲೂ ಸಿಸ್ಟರ್ ಹೇಳಿಕೊಡುವುದು ಅದನ್ನೇ: ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಒಂದೆರಡು ನಿಮಿಷಕ್ಕೊಂದು ಚಮಚ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ಜೊತೆಗೆ 14 ದಿನ ಝಿಂಕ್. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಅದನ್ನು ಬಿಡುವಂತಿಲ್ಲ.

ಬೆಚ್ಚಗಿನ ಎದೆ

ನವಜಾತ ಶಿಶುವಿಗೆ ಚಳಿಯಾದರೆ ನಡುಗಲು ಬರುವುದಿಲ್ಲ. ಬೆನ್ನು, ಕತ್ತಿನ ಬಳಿ ಇರುವ ಒಂದು ಬಗೆಯ ಕಂದು ಕೊಬ್ಬನ್ನು ಉರಿಸಿಯೇ ಅದು ಬೆಚ್ಚಗಾಗಬೇಕು. ಅದಕ್ಕೆ ಆಕ್ಸಿಜನ್ನೂ ಬೇಕು, ಸಕ್ಕರೆಯೂ ಬೇಕು. ಹಾಗಾಗಿ ತಣ್ಣಗಾದ ಕೂಸಿನ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದ ಕೂಸು ಹಾಲು ಎಳೆಯುವುದಿಲ್ಲ, ಹಾಲಿಲ್ಲದ ಕೂಸು ಇನ್ನೂ ತಣ್ಣಗಾಗುತ್ತದೆ. ಈ ಸುತ್ತನ್ನು ಕಡಿಯುವುದೇ ನವಜಾತ ಘಟಕದ ಮುಖ್ಯ ಕೆಲಸ. ಥರ್ಮಾಮೀಟರ್ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಅಂಗೈಯ ಹಿಂಭಾಗದಿಂದ ಮಗುವಿನ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಬಹುದು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಶುರುವಾಗಿದೆ. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡು ಆಸ್ಪತ್ರೆಗೆ ಹೊರಡಬೇಕು. ಹುಟ್ಟಿದ ದಿನವೇ ಎಣ್ಣೆ ಹಚ್ಚಿ ಎರೆಯುವುದು ಬೇಡ, ಕನಿಷ್ಠ 24 ಗಂಟೆ ಕಳೆಯಲಿ ಎಂದು ಸಿಸ್ಟರ್ ಅಜ್ಜಿಯರೊಂದಿಗೆ ಜಗಳಕ್ಕೆ ನಿಲ್ಲುವುದೂ ಈ ಕಾರಣಕ್ಕೇ.

'ಮಗೂನ ಪೆಟ್ಟಿಗೇಲಿ ಇಟ್ಟಿದಾರೆ' ಎಂದು ಜನ ಹೇಳುವ ವಾರ್ಮರ್, ಇನ್‌ಕ್ಯುಬೇಟರುಗಳು ಉಪಕಾರಿಯೇ. ಆದರೆ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ 1978ರ ಸುಮಾರಿಗೆ ಆರಂಭಿಸಿದ ಕಾಂಗರೂ ಆರೈಕೆ ಬಡವರ ಪರ್ಯಾಯವಾಗಿ ಉಳಿಯಲಿಲ್ಲ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಕಡಿಮೆ ತೂಕದ ಶಿಶುವನ್ನು, ಸ್ಥಿತಿ ಸುಧಾರಿಸಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದಾಗ ಸಾವು ಕಾಲುಭಾಗದಷ್ಟು ಕಡಿಮೆಯಾಯಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಬದಲಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ಯುವ ಪ್ರಯೋಗ ನಡೆಸಿದೆ. ಟೊಪ್ಪಿ, ಕಾಲುಚೀಲ, ಡೈಪರ್ ಬಿಟ್ಟು ಬೇರೇನೂ ತೊಡಿಸದೆ ಕೂಸನ್ನು ಎದೆಯ ನಡುವೆ ನೆಟ್ಟಗೆ ಕೂರಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟುತ್ತಾರೆ. ತಾಯಿ ದಣಿದರೆ ಅಪ್ಪ ಅಂಗಿ ಬಿಚ್ಚಿ ಕೂರಬಹುದು, ಅಜ್ಜಿಯೂ ಆದೀತು. ಹಾಲು ಎಳೆದು ನುಂಗುವ ಶಕ್ತಿ ಇನ್ನೂ ಬಾರದ ಶಿಶುವಿಗೆ ಹಿಂಡಿದ ಎದೆಹಾಲು ಮೊದಲು ಟ್ಯೂಬಿನಲ್ಲಿ, ಆಮೇಲೆ ಒಳಲೆಯಲ್ಲಿ. ಬಾಟಲಿಯ ನಿಪ್ಪಲ್ಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಇಲ್ಲಿ ಗೆದ್ದಿದೆ. ತೊಳೆಯಲು ಸುಲಭ, ಸೋಂಕು ಕಡಿಮೆ.

ದಶಾಂಶದ ಚುಕ್ಕೆ

ದೊಡ್ಡವರಿಗೆ ಔಷಧ 'ಒಂದು ಮಾತ್ರೆ'. ಮಕ್ಕಳಿಗೆ ಪ್ರತಿ ಡೋಸೂ ತೂಕದ ಲೆಕ್ಕ. ಜೆಂಟಾಮೈಸಿನ್ ಇಂಜೆಕ್ಷನ್ ತೆಗೆದುಕೊಳ್ಳಿ. ಸಾಮಾನ್ಯ ವೈಯಲ್‌ನಲ್ಲಿ 2 ಮಿ.ಲೀ.ಗೆ 80 ಮಿ.ಗ್ರಾಂ ಇರುತ್ತದೆ. ಎರಡು ಕೆ.ಜಿ. ಶಿಶುವಿಗೆ ಕೆ.ಜಿ.ಗೆ 5 ಮಿ.ಗ್ರಾಂನಂತೆ ಬೇಕಾದದ್ದು 10 ಮಿ.ಗ್ರಾಂ, ಅಂದರೆ ಕಾಲು ಮಿ.ಲೀ. ಒಂದೇ ವೈಯಲ್‌ನಲ್ಲಿ ಅಂಥ ಎಂಟು ಡೋಸ್ ಇವೆ. ದಶಾಂಶದ ಚುಕ್ಕೆ ಒಂದು ಮನೆ ಆಚೆಗೆ ಸರಿದರೆ ಹತ್ತು ಪಟ್ಟು. ಅದಕ್ಕೇ ದಿನವೂ ಒಂದೇ ತೂಕದ ಯಂತ್ರದಲ್ಲಿ ಬಟ್ಟೆ ಬಿಚ್ಚಿ ತೂಗುವುದು, ಒಬ್ಬರು ಎಳೆದ ಸಿರಿಂಜನ್ನು ಇನ್ನೊಬ್ಬರು ನೋಡುವುದು, ಮಗುವಿನ ಕೈಪಟ್ಟಿಯ ಹೆಸರು ಓದದೆ ಮುಂದುವರಿಯದಿರುವುದು.

ಇದೇ ಎಚ್ಚರ ಮನೆಗೂ ಬೇಕು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ, 5 ಮಿ.ಲೀ.ಗೆ 125 ಎಂದು ಬರೆದ ಸಿರಪ್ಪಿನಲ್ಲಿ ಮಿ.ಲೀ.ಗೆ 25 ಮಾತ್ರ. ಹನಿ ಹನಿಯಾಗಿ ಕೊಡುವ ಪುಟ್ಟ ಬಾಟಲಿಯೇ ನಾಲ್ಕು ಪಟ್ಟು ಗಟ್ಟಿ. ಸಿರಪ್ ಮುಗಿಯಿತೆಂದು ಡ್ರಾಪ್ಸನ್ನು ಅದೇ ಮುಚ್ಚಳದಲ್ಲಿ ಅಳೆದು ಕುಡಿಸಿದರೆ ಯಕೃತ್ತಿಗೆ ಕುತ್ತು.

ಭಯವೂ ಕಾಯಿಲೆಯೇ

ಉಸಿರು, ರಕ್ತ, ಕಾವು ಹತೋಟಿಗೆ ಬಂದ ಮೇಲೆ ನೋವು ಮತ್ತು ಭಯದ ಸರದಿ. ಎಳೆಗೂಸಿಗೆ ನೋವು ಗೊತ್ತಾಗದು ಎಂದು ನಂಬಿದ್ದ ಕಾಲವೊಂದಿತ್ತು. ಈಗ ಮಾತು ಬಾರದ ಮಗುವಿನ ಮುಖ, ಕಾಲು, ಅಳು ನೋಡಿ ನೋವಿಗೂ ಅಂಕ ಕೊಡುತ್ತಾರೆ. ಎದೆಹಾಲು ಕುಡಿಸುತ್ತಲೇ ಸೂಜಿ ಚುಚ್ಚಿದರೆ ನೋವು ಕಡಿಮೆ. 'ಏನೂ ಆಗಲ್ಲ ಪುಟ್ಟಾ' ಎಂದು ಸುಳ್ಳು ಹೇಳಿ ಚುಚ್ಚಿದರೆ ಮುಂದಿನ ಸಲ ಬಿಳಿ ಬಟ್ಟೆ ಕಂಡರೇ ಮಗು ಓಡುತ್ತದೆ. 'ಸ್ವಲ್ಪ ನೋಯುತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ' ಅನ್ನುವುದು ಲೇಸು.

ಇಂಗ್ಲೆಂಡಿನ ಆಸ್ಪತ್ರೆಗಳು ಒಂದು ಕಾಲದಲ್ಲಿ ಅಪ್ಪ ಅಮ್ಮಂದಿರನ್ನು ಹೊರಗಿಟ್ಟಿದ್ದವು. ಎರಡು ವರ್ಷದ ಮಗುವೊಂದು ಒಂಟಿಯಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಿತ್ರೀಕರಿಸಿ ತೋರಿಸಿದರು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯ ಪ್ಲಾಟ್ ವರದಿ ಅಪ್ಪ ಅಮ್ಮಂದಿರಿಗೆ ಬಾಗಿಲು ತೆರೆಯುವಂತೆ ಹೇಳಿತು. ನಮ್ಮ ಮಕ್ಕಳ ವಾರ್ಡುಗಳಲ್ಲಿ ತಾಯಿ ಯಾವಾಗಲೂ ಮಂಚದ ಪಕ್ಕದಲ್ಲೇ ಇದ್ದಳು. ನವಜಾತ ಘಟಕದ ಗಾಜಿನ ಬಾಗಿಲು ಮಾತ್ರ ಅವಳಿಗೂ ಮುಚ್ಚಿತ್ತು. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ಅನುಭವದ ಬೆನ್ನಿಗೆ ಕೇಂದ್ರ ಸರ್ಕಾರ 2017ರಲ್ಲಿ ಕುಟುಂಬವನ್ನೂ ಆರೈಕೆಗೆ ಸೇರಿಸಿಕೊಳ್ಳುವ ಮಾರ್ಗಸೂಚಿ ತಂದಿತು. ಕೈ ತೊಳೆದು, ಗೌನ್ ತೊಟ್ಟ ತಾಯಿಗೆ ಮಗುವನ್ನು ಒರೆಸುವುದು, ಹಾಲುಣಿಸುವುದು, ಅಪಾಯದ ಗುರುತು ಹಿಡಿಯುವುದನ್ನು ನರ್ಸ್ ಕಲಿಸುತ್ತಾರೆ. ಪಾಳಿ ಬದಲಾದಾಗ ನರ್ಸ್ ಮನೆಗೆ ಹೋಗುತ್ತಾರೆ, ತಾಯಿ ಹೋಗುವುದಿಲ್ಲ. 'ಯಾಕೋ ಇವತ್ತು ಇವ್ನು ಸರಿ ಇಲ್ಲ ಸಿಸ್ಟರ್' ಎಂಬ ಅವಳ ಮಾತನ್ನು ಒಳ್ಳೆಯ ನರ್ಸ್ ತಳ್ಳಿಹಾಕುವುದಿಲ್ಲ.

ಹೊಸ್ತಿಲಾಚೆ

ಆದ್ಯತೆಯ ಈ ಲೆಕ್ಕ ಆಸ್ಪತ್ರೆಯ ಬಾಗಿಲಲ್ಲಿ ಶುರುವಾದರೆ ಹಲವು ಸಲ ತಡವಾಗಿರುತ್ತದೆ. ಹಾಲು ಅಥವಾ ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಪಕ್ಕೆ ಸೇದುವ ಉಸಿರು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಫಿಟ್ಸ್ ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಉತ್ತರ ಕರ್ನಾಟಕದ ಕೆಲವೆಡೆ ಹೊಟ್ಟೆ ಉಬ್ಬಿದ, ಏದುಸಿರು ಬಿಡುವ ಕೂಸುಗಳಿಗೆ ಬರೆ ಹಾಕುವುದು ಇನ್ನೂ ನಿಂತಿಲ್ಲ. ಉಸಿರಿಗಾಗಿ ಒದ್ದಾಡುವ ಕೂಸಿಗೆ ಸುಟ್ಟಗಾಯವೂ ಸೇರಿ, ಸಿಗಬೇಕಾದ ಹೊತ್ತೂ ಕಳೆದುಹೋಗುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದವರೆಗೆ ಆರು ಸಲ ಬರಬೇಕೆಂಬ ನಿಯಮ ಇರುವುದು ಇಂಥ ಹೊತ್ತಿನಲ್ಲಿ ಒಂದು ತಿಳಿದ ಕಣ್ಣು ಮಗುವಿನ ಮೇಲಿರಲಿ ಎಂದೇ.

ಇಷ್ಟೆಲ್ಲ ಕ್ರಮ ಪಾಠಪುಸ್ತಕದಲ್ಲಿದ್ದರೂ ನಡೆಸುವ ಕೈಗಳು ಸಾಲದಿದ್ದರೆ ಅದು ಗೋಡೆಯ ಚಾರ್ಟಾಗಿ ಉಳಿಯುತ್ತದೆ. ಒಂದು ಮಗುವಿನ ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಬೇಕು. ಮೂವತ್ತು ಮಕ್ಕಳ ವಾರ್ಡಿನಲ್ಲಿ ರಾತ್ರಿ ಒಬ್ಬರೇ ಇದ್ದರೆ ಒಂದು ಸುತ್ತು ಎಣಿಸುವುದಕ್ಕೇ ಅರ್ಧ ಗಂಟೆ, ಅಷ್ಟರಲ್ಲಿ ಡ್ರಿಪ್ ನೋಡುವವರು ಯಾರು? ಹೊಸ ಕಟ್ಟಡ, ಹೊಸ ಯಂತ್ರಗಳ ಉದ್ಘಾಟನೆಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಪ್ರತಿ ಪಾಳಿಗೆ ಎಷ್ಟು ಮಕ್ಕಳಿಗೆ ಎಷ್ಟು ನರ್ಸ್ ಎಂಬ ಪ್ರಶ್ನೆಯನ್ನು ಶಾಸಕರಿಗೂ ಕೇಳುವುದಿಲ್ಲ, ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲೂ ಕೇಳುವುದಿಲ್ಲ. ಕೇಳಲು ಶುರುಮಾಡಬೇಕು.

ಅಲ್ಲಿಯವರೆಗೆ ಅಪ್ಪ ಅಮ್ಮ ಆ ಒಂದೊಂದು ನಿಮಿಷವನ್ನು ಉಳಿಸಿಕೊಡಬಹುದು. ಮಗುವಿನ ತೂಕ ಎಷ್ಟು, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಉಚ್ಚೆ ಮಾಡಿದ್ದು ಯಾವಾಗ, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟಿರಿ? ಬಾಗಿಲಲ್ಲಿ ಸಿಸ್ಟರ್ ಕೇಳುವ ಮೊದಲ ಪ್ರಶ್ನೆಗಳು ಇವೇ. ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ, 'ಕೆಂಪು ಬಣ್ಣದ ಸಿರಪ್ಪು' ಎನ್ನುವ ಬದಲು ಬಾಟಲಿಯನ್ನೇ ತನ್ನಿ.